ಹುಲಿ, ಹಸು, ಹುಲ್ಲು: ಸಣ್ಣ ಶಾಲೆಗಳ ಗಣಿತಕ್ಕೆ ಒಗಟಿನ ನೆರವು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ತೆರಿಗೆ ವಸೂಲಿ, ಕುಡಿಯುವ ನೀರು, ಉದ್ಯೋಗ ಖಾತರಿ ಕಾಮಗಾರಿ ಮೊದಲಾದ ವಿಷಯಗಳ ನಡುವೆ ಗಣಿತದ ಒಗಟುಗಳು ಹೇಗೆ ಬಂದು ಸೇರಿಕೊಂಡವೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಲೆಕ್ಕ ಕಲಿಸುವುದು ಮೇಷ್ಟರ ಕೆಲಸ, ಅದರಲ್ಲಿ ಪಂಚಾಯತಿಗೇನು ಪಾತ್ರ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ತರಗತಿಯಲ್ಲಿ ನಡೆದದ್ದನ್ನು ತಮ್ಮ ಮುಂದಿಡಲು ಅನುಮತಿ ಬೇಡುತ್ತೇನೆ.

ಹಲವು ವರ್ಷಗಳ ಹಿಂದೆ ಶರಾವತಿ ಹಿನ್ನೀರಿನ ಆಚೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕೆಲಕಾಲ ಸೇವೆ ಸಲ್ಲಿಸಿದೆ. ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು ಒಂಬತ್ತು ಮಕ್ಕಳು, ಒಂದು ಕೊಠಡಿ, ಶಿಕ್ಷಕನಾಗಿ ನಾನೊಬ್ಬನೇ. ಐದನೆಯ ತರಗತಿಯ ಇಬ್ಬರಿಗೆ ಭಿನ್ನರಾಶಿ ವಿವರಿಸುವಾಗ ಒಂದನೆಯ ತರಗತಿಯ ಮಗು ಕಿಟಕಿಯಾಚೆ ನೋಡುತ್ತಿತ್ತು. ಆ ಮಗುವಿಗೆ ಎಣಿಕೆ ಹೇಳಿಕೊಡಲು ಕುಳಿತರೆ ದೊಡ್ಡವರು ಸ್ಲೇಟಿನ ಮೇಲೆ ಬಸ್ಸಿನ ಚಿತ್ರ ಬರೆಯುತ್ತಿದ್ದರು. ಆಷಾಢದ ಒಂದು ದಿನ ಮಳೆ ಎಷ್ಟು ಜೋರಾಗಿತ್ತೆಂದರೆ ವಿದ್ಯುತ್ ಇಲ್ಲದ ಆ ಕೊಠಡಿಯಲ್ಲಿ ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಹಳೆಯ ಒಗಟನ್ನು ಹೇಳಿದೆ.

ತಮಗೆಲ್ಲ ತಿಳಿದಿರುವ ಒಗಟೇ ಅದು. ಹೊಳೆಯ ದಡದಲ್ಲಿ ಒಬ್ಬ ರೈತ. ಅವನ ಬಳಿ ಒಂದು ಹುಲಿ, ಒಂದು ಹಸು, ಒಂದು ಹೊರೆ ಹುಲ್ಲು. ದೋಣಿಯಲ್ಲಿ ಅವನ ಜೊತೆಗೆ ಒಂದಕ್ಕೆ ಮಾತ್ರ ಜಾಗವಿದೆ. ಅವನು ಇಲ್ಲದಾಗ ಹುಲಿ ಹಸುವನ್ನು ತಿನ್ನುತ್ತದೆ, ಹಸು ಹುಲ್ಲನ್ನು ಮೇಯುತ್ತದೆ. ಮೂರನ್ನೂ ಸುರಕ್ಷಿತವಾಗಿ ಆಚೆ ದಡಕ್ಕೆ ಸೇರಿಸುವುದು ಹೇಗೆ?

ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ಹೊಳೆ ಬರೆದರು. ಒಂದು ಹುಣಸೆ ಬೀಜ ಹುಲಿಯಾಯಿತು, ಒಂದು ಗೋಟಡಿಕೆ ಹಸುವಾಯಿತು, ಒಂದು ಎಲೆ ಹುಲ್ಲಾಯಿತು. ಮೊದಲು ಹಸುವನ್ನು ದಾಟಿಸಬೇಕೆಂಬುದು ಎಲ್ಲರಿಗೂ ಹೊಳೆಯಿತು. ಎರಡನೆಯ ಬಾರಿ ಹುಲಿಯನ್ನು ಒಯ್ದರೆ ಆಚೆ ಹಸುವಿಗೆ ಅಪಾಯ. ಹುಲ್ಲನ್ನು ಒಯ್ದರೆ ಹುಲ್ಲಿಗೆ ಅಪಾಯ. ಅಲ್ಲಿಗೆ ಎಲ್ಲರೂ ಸುಮ್ಮನಾದರು. ಐದನೆಯ ತರಗತಿಯ ಹುಡುಗ, ಮಗ್ಗಿಯಲ್ಲಿ ಶಾಲೆಗೇ ಮೊದಲಿಗ, "ಇದು ಆಗೋದೇ ಇಲ್ಲ ಸಾರ್" ಎಂದು ತೀರ್ಪಿತ್ತ. ಬಹಳ ಹೊತ್ತಿನ ಮೇಲೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ದನಾನ ವಾಪಸ್ ಕರ್ಕೊಂಡು ಬರ್ಬಹುದಾ ಸಾರ್?" ದಾಟಿಸಿದ್ದನ್ನು ಮತ್ತೆ ಯಾಕೆ ತರುವುದೆಂದು ಆ ಹುಡುಗ ನಕ್ಕ. ತರಬಾರದೆಂದು ನಾನು ಎಲ್ಲಿಯೂ ಹೇಳಿರಲಿಲ್ಲ. ಹುಲಿಯನ್ನು ಆಚೆ ಬಿಟ್ಟು ಹಸುವನ್ನು ಹಿಂದಕ್ಕೆ ತಂದಳು. ಹಸುವನ್ನು ಈಚೆ ಬಿಟ್ಟು ಹುಲ್ಲನ್ನು ಒಯ್ದಳು. ಕೊನೆಗೆ ಖಾಲಿ ದೋಣಿಯಲ್ಲಿ ಬಂದು ಹಸುವನ್ನು ಕರೆದೊಯ್ದಳು. ಹೊಳೆಯನ್ನು ಏಳು ಬಾರಿ ದಾಟಿದ್ದಾಯಿತು. ಆರು ಬಾರಿಯಲ್ಲಿ ಆಗುವುದೇ ಎಂದು ನಾನು ಕೇಳಿದಾಗ ನಕ್ಕಿದ್ದ ಹುಡುಗನೇ ಮಧ್ಯಾಹ್ನದ ಊಟ ಬಿಟ್ಟು ಕುಳಿತು, ಆಗದು ಎಂಬುದಕ್ಕೆ ಕಾರಣ ಕೊಟ್ಟ: ಪ್ರತಿ ಬಾರಿ ಈಚೆಗೆ ಬಂದು ಆಚೆಗೇ ಮುಗಿಯಬೇಕಾದ ಪ್ರಯಾಣದಲ್ಲಿ ದಾಟುವ ಸಂಖ್ಯೆ ಬೆಸವೇ ಆಗಬೇಕು. ಐದರಲ್ಲಿ ಏಕೆ ಆಗದು ಎಂಬುದನ್ನು ಮರುದಿನ ಇಬ್ಬರೂ ಕೂಡಿ ಕಂಡುಕೊಂಡರು. ಐದು ಬಾರಿಯೆಂದರೆ ಆಚೆಗೆ ಹೋಗುವುದು ಮೂರೇ ಸಲ. ಮೂರನ್ನು ದಾಟಿಸಬೇಕಾದರೆ ಯಾವುದನ್ನೂ ಹಿಂದಕ್ಕೆ ತರುವಂತಿಲ್ಲ. ತರದಿದ್ದರೆ ಮೇಯುವುದೋ ತಿನ್ನುವುದೋ ನಡೆದೇ ನಡೆಯುತ್ತದೆ.

ಸದಸ್ಯ ಬಾಂಧವರೇ, ಈ ಒಗಟಿನಲ್ಲಿ ಕೂಡುವ, ಕಳೆಯುವ ಅಂಕಿಯೇ ಇಲ್ಲ. ಆದರೂ ಷರತ್ತುಗಳನ್ನು ಸರಿಯಾಗಿ ಕೇಳಿಸಿಕೊಳ್ಳುವುದು, ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸುವುದು, ಹೇಳದೇ ಇದ್ದ ನಿರ್ಬಂಧವನ್ನು ತಾವೇ ಹಾಕಿಕೊಂಡಿದ್ದೇವೆಂದು ಅರಿಯುವುದು, ಆಗದು ಎಂದರೆ ಏಕೆ ಆಗದೆಂದು ಕಾರಣ ಕೊಡುವುದು, ಇವೆಲ್ಲವೂ ಅದರಲ್ಲಿವೆ; ಇವೇ ಗಣಿತ. ಐದು ತರಗತಿಗಳ ಒಂಬತ್ತು ಮಕ್ಕಳು ಒಂದೇ ಪ್ರಶ್ನೆಯ ಸುತ್ತ ಕುಳಿತದ್ದು ನನ್ನ ಸೇವೆಯಲ್ಲಿ ಅದೇ ಮೊದಲು. ಎರಡನೆಯ ತರಗತಿಯ ಮಗು ಐದನೆಯ ತರಗತಿಯವನಿಗೆ ದಾರಿ ತೋರಿದ್ದೂ ಅದೇ ಮೊದಲು.

ಈ ಪದ್ಧತಿ ಹೊರಗಿನಿಂದ ಬಂದ ಹೊಸ ಸರಕಲ್ಲ. ಯುರೋಪಿನಲ್ಲಿ ತೋಳ, ಆಡು, ಎಲೆಕೋಸು ಎಂದು ಇದೇ ಒಗಟನ್ನು ಬಾಲಕರ ಬುದ್ಧಿ ಚುರುಕುಗೊಳಿಸಲೆಂದು ಬರೆದಿಟ್ಟವನು 804ರಲ್ಲಿ ತೀರಿಕೊಂಡ ಆಲ್ಕ್ವಿನ್ ಎಂಬ ವಿದ್ವಾಂಸನೆಂದು ಹೇಳುವುದುಂಟು. ಅವನ ನಂತರ ಸುಮಾರು ಅರ್ಧ ಶತಮಾನಕ್ಕೆ ನಮ್ಮ ಕರ್ನಾಟಕದಲ್ಲೇ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಮಹಾವೀರನ ಗ್ರಂಥದಲ್ಲಿ ಹಣ್ಣಿನ ರಾಶಿ, ಹರಿದು ಚೆದುರಿದ ಮುತ್ತಿನ ಹಾರ, ದಾರಿಯಲ್ಲಿ ಸಿಕ್ಕಿದ ಹಣದ ಚೀಲ ಎಲ್ಲವೂ ಲೆಕ್ಕಗಳಾಗುತ್ತವೆ. ಅವನು ಕೊಟ್ಟಿರುವ ಕೆಲವು ಗುಣಾಕಾರಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಕೊರಳ ಹಾರದಂತೆ. 139ನ್ನು 109ರಿಂದ ಗುಣಿಸಿದರೆ 15151 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. ಹತ್ತು ಗುಣಾಕಾರ ಮಾಡಿಕೊಂಡು ಬಾ ಎಂದರೆ ಮುಖ ಸೊಟ್ಟ ಮಾಡುವ ಮಗು, ಇಂಥ ಹಾರವೊಂದನ್ನು ತೋರಿಸಿ ಮತ್ತೊಂದನ್ನು ಹುಡುಕು ಎಂದರೆ ಹತ್ತರ ಬದಲು ಮೂವತ್ತು ಗುಣಾಕಾರ ಮಾಡಿಕೊಂಡು ಬರುತ್ತದೆ. ಮಗ್ಗಿ ಬೇಡವೆಂದು ನಾನು ಹೇಳುತ್ತಿಲ್ಲ. ಮಗ್ಗಿ ಬಾರದ ಮಗುವಿಗೆ ಒಗಟೂ ದಕ್ಕದು. ಮಗ್ಗಿ ಯಾತಕ್ಕೆ ಬೇಕೆಂಬುದನ್ನು ಒಗಟು ಮಗುವಿಗೆ ತೋರಿಸಿಕೊಡುತ್ತದೆ, ಅಷ್ಟೇ.

ಒಗಟಿಗಾಗಿ ಪುಸ್ತಕ ಕೊಳ್ಳಲೇಬೇಕೆಂದಿಲ್ಲ; ನಮ್ಮ ತೋಟದಲ್ಲೇ ಇದೆ. ತೊಂಬತ್ತು ಅಡಿ ಉದ್ದದ ಒಂದು ಸಾಲಿನಲ್ಲಿ ಒಂಬತ್ತು ಅಡಿಗೊಂದರಂತೆ ಅಡಿಕೆ ಸಸಿ ನೆಡಬೇಕು, ಸಾಲಿನ ಎರಡೂ ತುದಿಗಳಲ್ಲಿ ಸಸಿ ಇರಬೇಕು. ಎಷ್ಟು ಸಸಿ ಬೇಕು? ನಾಲ್ಕನೆಯ ತರಗತಿಯವರು ತೊಂಬತ್ತನ್ನು ಒಂಬತ್ತರಿಂದ ಭಾಗಿಸಿ ಹತ್ತು ಎಂದು ಕೂಡಲೇ ಹೇಳುತ್ತಾರೆ. ಒಮ್ಮೆ ಈ ಪ್ರಶ್ನೆ ಕೇಳುವಾಗ ಮಗನನ್ನು ಕರೆದೊಯ್ಯಲು ಬಂದ ತಂದೆಯೊಬ್ಬರು ಬಾಗಿಲಲ್ಲೇ ನಿಂತು, "ಹತ್ತೇ ಸಸಿ ತಂದ್ರೆ ಕೊನೇ ಗುಂಡಿ ಖಾಲಿ ಉಳೀತದೆ ಮೇಷ್ಟ್ರೆ" ಎಂದರು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಅಂದು ಆ ಹುಡುಗ ತಂದೆಯನ್ನು ನೋಡಿದ ಬಗೆ ನನಗೆ ಈಗಲೂ ನೆನಪಿದೆ. ಹನ್ನೊಂದು ಎಂಬ ಉತ್ತರ ಸಿಕ್ಕ ಮೇಲೆ ಲೆಕ್ಕ ಮುಗಿಯಲಿಲ್ಲ. ತೊಂಬತ್ತು ಅಡಿ ಸುತ್ತಳತೆಯ ಕೆರೆಯ ದಂಡೆಯ ಮೇಲೆ ಸುತ್ತಲೂ ನೆಟ್ಟರೆ? ಆಗ ಹತ್ತೇ ಸಾಕು. ಒಂದು ಮರದ ದಿಮ್ಮಿಯನ್ನು ಹತ್ತು ತುಂಡು ಮಾಡಲು ಎಷ್ಟು ಬಾರಿ ಕೊಯ್ಯಬೇಕು? ಒಂಬತ್ತು. ಭಾಗಾಕಾರ ಬಲ್ಲ ಮಗು ಎಲ್ಲಿ ಒಂದು ಕೂಡಬೇಕು, ಎಲ್ಲಿ ಕಳೆಯಬೇಕು, ಎಲ್ಲಿ ಎರಡೂ ಬೇಡ ಎಂದು ಯೋಚಿಸಲು ತೊಡಗಿತು. ರಸ್ತೆ ಬದಿಯ ದೀಪದ ಕಂಬಗಳ ಅಂದಾಜು ಪಟ್ಟಿಯಲ್ಲಿ ಇದೇ ಒಂದು ಕಂಬದ ವ್ಯತ್ಯಾಸ ಬರುವುದನ್ನು ತಮ್ಮಲ್ಲಿ ಕೆಲವರು ಕಂಡಿರಲೂಬಹುದು.

ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಡುಗಂಬಗಳ ನಡುವಿನ ಅಂತರವೇ ಹಿಂದೆ ತೋಟದ ಜಮೀನಿನ ಅಳತೆಗೋಲಾಗಿತ್ತೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. 18 ಅಡಿ 6 ಅಂಗುಲದ ಆ ಅಳತೆಗೆ 'ದಾಯ' ಎಂದು ಹೆಸರು. ಪ್ರವಾಸಕ್ಕೆ ಕರೆದೊಯ್ದ ಮಕ್ಕಳಿಗೆ ಶಿಲ್ಪಗಳನ್ನು ತೋರಿಸಿ ಫೋಟೋ ತೆಗೆದು ಮರಳುತ್ತೇವೆ. ಒಂದು ಟೇಪು ಕೈಗೆ ಕೊಟ್ಟು, ಒಂದು ದಾಯದಲ್ಲಿ ಒಂಬತ್ತು ಅಡಿಯ ಅಂತರಗಳು ಎಷ್ಟು, ಉಳಿಯುವುದೆಷ್ಟು, ಹತ್ತು ದಾಯಗಳಲ್ಲಿ ಆ ಉಳಿಕೆ ಸೇರಿ ಎಷ್ಟಾಯಿತು ಎಂದು ಕೇಳಿದರೆ ಅದೇ ಭಿನ್ನರಾಶಿಯ ಪಾಠ. ಬಿದನೂರಿನ ಶಿವಪ್ಪ ನಾಯಕನ ಶಿಸ್ತು ಸಹ ಬೆಳೆ, ಖರ್ಚು, ಸರಾಸರಿಗಳ ಲೆಕ್ಕವೇ. ಹೊಸನಗರದ ಮಕ್ಕಳಿಗೆ ನಗರದ ಕೋಟೆಯನ್ನು ತೋರಿಸುವಾಗ ಆ ಮಾತನ್ನೂ ಹೇಳಬಹುದು. ಆಗುಂಬೆಯ ಕಡೆಯ ಶಾಲೆಗೆ ಮಳೆಯೇ ಪಾಠ: ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ತಾರಸಿಯ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ 4800 ಲೀಟರ್ ನೀರು. ಶಾಲೆಯ ತೊಟ್ಟಿ ಎಷ್ಟು ಬಾರಿ ತುಂಬೀತು?

ಇನ್ನು ಲಿಂಗನಮಕ್ಕಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಪತ್ರಿಕೆ ತೆರೆದ ಕೂಡಲೇ ನೋಡುವ ಅಂಕಿ ಜಲಾಶಯದ ಮಟ್ಟ. ಗರಿಷ್ಠ ಮಟ್ಟ 1819 ಅಡಿ ಎಂಬುದು ಶಾಲೆಗೆ ಸೇರದ ಮಗುವಿಗೂ ಗೊತ್ತು. ಆ ಅಂಕಿಯಿಂದ ಒಂದು ಒಗಟು ಹುಟ್ಟಿತು. ಮಟ್ಟ 1780ರಿಂದ 1790 ಅಡಿಗೆ ಏರಲು ಐದು ದಿನ ಬೇಕಾಯಿತೆಂದು ಇಟ್ಟುಕೊಳ್ಳೋಣ. ಒಳಹರಿವು ಅಷ್ಟೇ ಇದ್ದರೆ 1809ರಿಂದ 1819ಕ್ಕೆ ಏರಲು ಎಷ್ಟು ದಿನ? ಐದೇ ದಿನ ಎಂದು ಇಡೀ ತರಗತಿ ಹೇಳಿತು. ಬಿಸಿಯೂಟದ ಅಡುಗೆಯವರಿಂದ ಒಂದು ಬಾಣಲೆ ತಂದು, ಲೋಟದಿಂದ ಲೋಟಕ್ಕೆ ಒಂದೇ ಅಳತೆಯ ನೀರು ಸುರಿಯುತ್ತ, ನೀರಿನ ಮಟ್ಟವನ್ನು ಕಡ್ಡಿಯೊಂದರ ಮೇಲೆ ಗುರುತಿಸುತ್ತ ಹೋದರು. ಮೇಲಕ್ಕೆ ಹೋದಂತೆ ಗೆರೆಗಳು ಹತ್ತಿರ ಹತ್ತಿರವಾದವು. ಬಾಯಿ ಅಗಲವಾದ ಪಾತ್ರೆಯಲ್ಲಿ ಮೇಲಿನ ಒಂದು ಅಂಗುಲಕ್ಕೆ ಹೆಚ್ಚು ನೀರು ಬೇಕು. ಕಣಿವೆಯೂ ಅಂಥದೇ ಪಾತ್ರೆ. ಕೊನೆಯ ಕೆಲವು ಅಡಿಗಳಿಗೆ ಊರೆಲ್ಲ ಏಕೆ ಅಷ್ಟು ದಿನ ಕಾಯುತ್ತದೆಂದು ಮಕ್ಕಳಿಗೆ ಅಂದು ತಿಳಿಯಿತು. ಆಗ ಒಬ್ಬ ಹುಡುಗ, ತಮ್ಮ ಅಜ್ಜನ ಗದ್ದೆ ಎಷ್ಟನೇ ಅಡಿಯಲ್ಲಿ ಇರಬಹುದೆಂದು ಕೇಳಿದ. 1964ರಲ್ಲಿ ಅಣೆಕಟ್ಟು ಮುಗಿದಾಗ ನೀರಿನಡಿ ಹೋದ ಗದ್ದೆ ಅದು. ಮನೆಗೆ ಹೋಗಿ ಅಜ್ಜನನ್ನೇ ಕೇಳಿಕೊಂಡು ಬಾ ಎಂದೆ. ಬೇಸಿಗೆಯಲ್ಲಿ ಹಳೆಯ ಮಡೆನೂರು ಅಣೆಕಟ್ಟು ಕಾಣಿಸಿಕೊಳ್ಳುವುದಕ್ಕೆ ಮೊದಲೋ ಆಮೇಲೋ ತಮ್ಮ ಗದ್ದೆಯ ಬದು ಕಾಣುತ್ತದೆ ಎಂಬುದನ್ನು ತಿಳಿದುಕೊಂಡು ಬಂದ. ಅದರಿಂದ ಲೆಕ್ಕ ಮುಂದುವರಿಯಿತು.

ಒಗಟಿನಿಂದ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ನನಗಿಲ್ಲ. ಮಾತಿನ ಕುಚೋದ್ಯದಿಂದ ಮಕ್ಕಳನ್ನು ಪೆದ್ದರನ್ನಾಗಿಸುವ ಒಗಟುಗಳಿವೆ. ಅವನ್ನು ತರಗತಿಯ ಹೊರಗೇ ಬಿಡಬೇಕು. ಅವಸರಪಟ್ಟು ಉತ್ತರ ಹೇಳಿಬಿಡುವುದು ನಮ್ಮ ವೃತ್ತಿಯವರ ದೊಡ್ಡ ದೋಷ. ನಾನೂ ಅದನ್ನು ಅನೇಕ ಬಾರಿ ಮಾಡಿದ್ದೇನೆ. ಎರಡು ದಿನ ಕುಳಿತು ಯೋಚಿಸಿದ ಬಾಲಕಿಯೊಬ್ಬಳು ಇನ್ನೇನು ಉತ್ತರದ ಅಂಚಿನಲ್ಲಿದ್ದಾಗ, ಪಾಠ ಮುಗಿಸುವ ಆತುರದಲ್ಲಿ ನಾನು ಬೋರ್ಡಿನ ಮೇಲೆ ಬರೆದುಬಿಟ್ಟೆ. ಅವಳು ಮಾತನಾಡದೆ ಸ್ಲೇಟು ಒರೆಸಿದಳು. ಆಮೇಲೆ ಆ ವರ್ಷವೆಲ್ಲ ನಾನು ಕೇಳಿದ ಒಗಟಿಗೆ ಅವಳು ಕೈ ಎತ್ತಲಿಲ್ಲ.

ಈಗ ಪಂಚಾಯತಿಯ ಮಾತಿಗೆ ಬರುತ್ತೇನೆ. ಅಕ್ಷರ ಫೌಂಡೇಶನ್ ಸಹಯೋಗದಲ್ಲಿ ಸರ್ಕಾರಿ ಶಾಲೆಗಳಲ್ಲಿ ನಡೆದ 'ಗಣಿತ ಕಲಿಕಾ ಆಂದೋಲನ' ತಮಗೆ ಪರಿಚಿತ. 4, 5 ಮತ್ತು 6ನೆಯ ತರಗತಿಯ ಮಕ್ಕಳಿಗೆ ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳು ನಡೆದಾಗ ವೇದಿಕೆ, ಊಟ, ಬಹುಮಾನಗಳಿಗೆ ನೆರವಾದವರು ತಾವೇ. ಲೆಕ್ಕಕ್ಕೂ ಊರವರು ಸೇರಿ ಚಪ್ಪಾಳೆ ತಟ್ಟುವಂತಾದದ್ದು ಸಣ್ಣ ಸಂಗತಿಯಲ್ಲ. ಆ ಆಂದೋಲನದಲ್ಲಿ ಶಾಲೆಗಳಿಗೆ ಕೊಟ್ಟ ಪೆಟ್ಟಿಗೆಯಲ್ಲಿ ಅಬ್ಯಾಕಸ್, ದಾಳ, ಭಿನ್ನರಾಶಿಯ ಪಟ್ಟಿಗಳು, ಆಟದ ನೋಟುಗಳು, ತಕ್ಕಡಿ ಮೊದಲಾದವು ಇವೆ. ಒಂದು ಶಾಲೆಗೆ ಹೋದಾಗ ಆ ಪೆಟ್ಟಿಗೆ ಬೀರುವಿನಲ್ಲಿ ಧೂಳಿಲ್ಲದೆ, ಒಂದು ಬಿಲ್ಲೆಯೂ ಕಳೆಯದೆ, ಹೊಸದರಂತೆ ಇದ್ದುದನ್ನು ಕಂಡೆ. ಕಳೆದರೆ ತಪಾಸಣೆಯಲ್ಲಿ ಯಾರು ಉತ್ತರ ಕೊಡಬೇಕು ಎಂಬುದು ಅಲ್ಲಿನ ಶಿಕ್ಷಕರ ಅಳಲು. ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಶಾಲೆಗೆ ಭೇಟಿ ಕೊಡುವ ನಾವೆಲ್ಲರೂ ಸಾಮಾನು ಇದೆಯೇ ಎಂದು ಕೇಳುತ್ತೇವೆ. ಸವೆದಿದೆಯೇ ಎಂದು ಕೇಳುವುದಿಲ್ಲ.

ತಮ್ಮಲ್ಲಿ ಅನೇಕರು ಎಸ್‌ಡಿಎಂಸಿ ಸಭೆಗಳಲ್ಲಿ ಕುಳಿತವರು. ಮುಂದಿನ ಸಭೆಯಲ್ಲಿ ಆ ಪೆಟ್ಟಿಗೆಯನ್ನು ಹೊರಗೆ ತರಿಸಿ. ಬಳಕೆಯಿಂದ ಕಳೆದುಹೋದ ಬಿಲ್ಲೆಗಳಿಗೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲವೆಂದು ಸಭೆಯ ನಡಾವಳಿಯಲ್ಲಿ ಬರೆಸಿ. ಬಿಲ್ಲೆ ಹೋದರೆ ಹುಣಸೆ ಬೀಜವಿದೆ. ಪೆಟ್ಟಿಗೆಯೇ ಇಲ್ಲದ ಶಾಲೆಗೆ ಅಟ್ಟದ ಮೇಲಿನ ಚೆನ್ನೆಮಣೆಯನ್ನು ಕೊಡಿ: ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ, ಒಂದು ಗುಳಿಯ ಕಾಯಿ ಬಿತ್ತಿದರೆ ಕೊನೆಯದು ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಬಲ್ಲ ಮಗು ಶೇಷವನ್ನು ಕಲಿತಂತೆಯೇ. ತಕ್ಕಡಿ ಇದ್ದರೆ 1, 3, 9, 27 ಕಿಲೋಗ್ರಾಂ ಎಂದು ಚೀಟಿ ಅಂಟಿಸಿದ ನಾಲ್ಕೇ ತೂಕದ ಕಲ್ಲುಗಳಿಂದ ಒಂದರಿಂದ ನಲವತ್ತರವರೆಗಿನ ಯಾವ ತೂಕವನ್ನಾದರೂ ತೂಗುವುದು ಹೇಗೆಂದು ಕೇಳಿಸಿ. ಎರಡು ಕಿಲೋ ಅಡಿಕೆಯ ಪಕ್ಕದಲ್ಲೇ ಒಂದರ ಕಲ್ಲನ್ನೂ ಇಟ್ಟು ಎದುರಿಗೆ ಮೂರರ ಕಲ್ಲನ್ನು ಇಡಬಹುದೆಂದು ಹೊಳೆದ ಮಗುವಿಗೆ ಉಳಿದದ್ದು ತಾನಾಗಿ ಬರುತ್ತದೆ.

ಸ್ಪರ್ಧೆಯ ಬಗ್ಗೆ ಒಂದು ವಿನಂತಿ. ಪ್ರತಿ ಬಾರಿ ಬಹುಮಾನ ಪಡೆಯುವ ಮಕ್ಕಳು ಪಂಚಾಯತಿಗೆ ಮೂರೋ ನಾಲ್ಕೋ. ಲೆಕ್ಕ ಎಂದರೆ ಹೆದರುವ ಮಗು ಅಂದು ಹಿಂದಿನ ಬೆಂಚಿನಲ್ಲಿರುತ್ತದೆ. ಒಂದು ಬಹುಮಾನವನ್ನಾದರೂ ಬೇರೆ ಬೇರೆ ತರಗತಿಯ ಮಕ್ಕಳ ಗುಂಪಿಗೆ ಮೀಸಲಿಡಿ. ಗಡಿಯಾರ ನೋಡದೆ ಒಂದೇ ಒಗಟು ಕೊಡಿ. ಉತ್ತರ ಬಾರದ ಗುಂಪು ತಾನು ಪ್ರಯತ್ನಿಸಿದ ದಾರಿಯನ್ನು ವಿವರಿಸಿದರೆ ಅದಕ್ಕೂ ಅಂಕ ಇರಲಿ. ಒಂಬತ್ತು ಮಕ್ಕಳ ಶಾಲೆ ತೊಂಬತ್ತು ಮಕ್ಕಳ ಶಾಲೆಯ ಎದುರು ತಲೆಯೆತ್ತಿ ನಿಲ್ಲುವುದು ಇಂಥ ಸ್ಪರ್ಧೆಯಲ್ಲೇ. ನಮ್ಮ ಹಿನ್ನೀರಿನ ಎಷ್ಟೋ ಶಾಲೆಗಳ ಅಳಿವು ಉಳಿವು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಅಲ್ಲಿ ಪಾಠ ಸರಿಯಾಗಿ ಆಗದು ಎಂದು ತಂದೆ-ತಾಯಿ ಮಗುವನ್ನು ಪೇಟೆಯ ಬಸ್ಸು ಹತ್ತಿಸುತ್ತಾರೆ. ಹತ್ತಿಸಿದಷ್ಟೂ ಸಂಖ್ಯೆ ಇಳಿಯುತ್ತದೆ. ಬಹುತರಗತಿಯ ಕೊಠಡಿ ಕೊರತೆಯೆಂಬ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ, ಶಿಕ್ಷಕರ ಹುದ್ದೆ ತುಂಬಲೇಬೇಕು. ಆದರೆ ದೊಡ್ಡವರು ಸಣ್ಣವರು ಕೂಡಿ ಯೋಚಿಸುವ ಅನುಕೂಲ ಆ ಕೊಠಡಿಗೆ ಇದೆ. ಪೇಟೆಯ ಶಾಲೆಗೆ ಇಲ್ಲ.

ತಮ್ಮ ಪಂಚಾಯತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದ ಹೊರಗೋಡೆಯ ಮೇಲೆ ಒಂದು ಕರಿಹಲಗೆ ಹಾಕಿಸಿ, ಸೋಮವಾರಕ್ಕೊಂದು ಒಗಟು ಬರೆಸಿ. ಉತ್ತರವನ್ನು ಮುಂದಿನ ಸೋಮವಾರದವರೆಗೂ ಬರೆಸಬೇಡಿ. ಖಾತೆಗಾಗಿ ಬಂದು ಕಾಯುತ್ತ ಕುಳಿತ ಹಿರಿಯರೂ ಅದನ್ನು ಓದುತ್ತಾರೆ, ಮನೆಗೆ ಹೋಗಿ ಮೊಮ್ಮಕ್ಕಳನ್ನು ಕೇಳುತ್ತಾರೆ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಕಟ್ಟಿದ ಒಗಟೊಂದನ್ನು ಸದಸ್ಯರಿಗೆ ಕೇಳುವ ಅವಕಾಶ ಕೊಡಿ. ತಮಗೆ ಉತ್ತರ ಬಾರದಿದ್ದರೆ ಇನ್ನೂ ಒಳ್ಳೆಯದು.

ಕಳೆದ ವರ್ಷ ಹಳೆಯ ಹುಲಿ-ಹಸುವಿನ ಒಗಟನ್ನು ಆಚೆ ದಡದ ಶಾಲೆಯೊಂದರಲ್ಲಿ ಮತ್ತೆ ಕೇಳಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ನಂತರದ ಮಾತಿದು. ಲಾಂಚಿಗಾಗಿ ಕಾಯುವುದು ಆ ಮಕ್ಕಳಿಗೆ ಈಗಾಗಲೇ ಹಳೆಯ ಕಥೆ. "ಈಗ ಸೇತುವೆ ಆಗಿದೆಯಲ್ಲ ಸಾರ್, ಮೂರನ್ನೂ ನಡೆಸ್ಕೊಂಡೇ ಹೋಗ್ಬಹುದು" ಎಂದ ಒಬ್ಬ. ಹಾಗಾದರೆ ಸೇತುವೆ ಇದ್ದೂ ಬಗೆಹರಿಯದಂಥ ಒಗಟನ್ನು ನೀನೇ ಕಟ್ಟು ಎಂದು ಹೇಳಿ ಬಂದಿದ್ದೇನೆ.

ತಮಗೂ ಒಂದನ್ನು ಕೊಟ್ಟು ನನ್ನ ಮಾತು ಮುಗಿಸುತ್ತೇನೆ. ಇದು ಮಹಾವೀರಾಚಾರ್ಯನ ಲೆಕ್ಕ, ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ. ಮೂವರು ವ್ಯಾಪಾರಿಗಳು ದಾರಿಯಲ್ಲಿ ಒಂದು ಹಣದ ಚೀಲ ಕಂಡರು. ಈ ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟಾಗುತ್ತದೆ ಎಂದ ಮೊದಲನೆಯವನು. ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟು ಎಂದ ಎರಡನೆಯವನು. ನನಗಾದರೆ ಐದರಷ್ಟು ಎಂದ ಮೂರನೆಯವನು. ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು? ಎಲ್ಲ ಸಂಖ್ಯೆಗಳೂ ಇಪ್ಪತ್ತರೊಳಗೆ ಇವೆ. ಊಟದ ಬಿಡುವಿನಲ್ಲಿ ನಾನು ಇಲ್ಲೇ ಹೊರಗೆ ಇರುತ್ತೇನೆ. ಉತ್ತರ ಕೇಳಲು ಯಾರೂ ಬರಬೇಡಿ, ಹೇಳಲು ಬನ್ನಿ.